ರಾಮ್‌ದೀನನ ಡ್ರಮ್ಮು, ಹೊಟೇಲಿನ ಯಂತ್ರ

ಮುಸಫ್ಫಾಕ್ಕೆ ಬಂದ ಮೊದಲ ವಾರದಲ್ಲೇ ನಾನು ಒಂದು ಎಣ್ಣೆ ಡ್ರಮ್ಮು ಹಾಡುವುದನ್ನು ಕೇಳಿದೆ. ಮಧ್ಯಾಹ್ನದ ಊಟದ ಬಿಡುವು. ಅಬುಧಾಬಿಯ ಆ ಕೈಗಾರಿಕಾ ಬಡಾವಣೆಯಲ್ಲಿ ಬೆಳಗಿನಿಂದ ಕಬ್ಬಿಣ ಕೊಯ್ಯುವ, ಉಜ್ಜುವ, ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅದು ನಿಂತ ಹೊತ್ತಿನಲ್ಲಿ ನಮ್ಮ ವರ್ಕ್‌ಶಾಪಿನ ಹಿಂದಿನ ಶೆಡ್ಡಿನಿಂದ ಇಗರ್ಜಿ ಗಂಟೆಯ ಮರಿಗಳು ಕೂಗಿದ ಹಾಗೆ ಒಂದು ನಾದ ಬಂತು. ಹೋಗಿ ನೋಡಿದರೆ, ಕೊಯ್ದು ಗಿಡ್ಡ ಮಾಡಿದ ಡ್ರಮ್ಮಿನ ಮುಂದೆ ಒಬ್ಬ ಮನುಷ್ಯ ನಿಂತು, ತುದಿಗೆ ರಬ್ಬರ್ ಸುತ್ತಿದ ಎರಡು ಪುಟ್ಟ ಕೋಲುಗಳಿಂದ ಅದರ ತಳವನ್ನು ತಟ್ಟುತ್ತಿದ್ದ. ಮುಖ ನಮ್ಮ ದೇಶದ್ದೇ. ಕಂಪೆನಿಯ ಅಂಗಿಯ ಮೇಲೆ ಹೊಲಿದ ಹೆಸರು ರಾಮ್‌ದೀನ್. ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಅವನು ನಕ್ಕು ಇಂಗ್ಲಿಷಿನಲ್ಲಿ, "ನನಗೆ ಹಿಂದಿ ಬರುವುದಿಲ್ಲ. ನನ್ನ ಮುತ್ತಜ್ಜನಿಗೆ ಬರುತ್ತಿತ್ತು" ಎಂದ.

ಅವನು ಟ್ರಿನಿಡಾಡಿನವನು. ಕ್ರಿಕೆಟ್ ನೋಡುವವರಿಗೆ ಗೊತ್ತಿರುವ ವೆಸ್ಟ್ ಇಂಡೀಸಿನ ಒಂದು ದ್ವೀಪ ಅದು. ಕಬ್ಬು ಕಡಿಯಲಿಕ್ಕೆಂದು ಬಿಹಾರದ ಕಡೆಯಿಂದ ಹಡಗು ಹತ್ತಿಸಿ ಒಯ್ದವರ ಪೈಕಿ ಅವನ ಮುತ್ತಜ್ಜನೂ ಒಬ್ಬ. ಈಗ ಉಳಿದಿರುವುದು ಹೆಸರು ಮತ್ತು ಬೇಳೆ ತುಂಬಿದ ರೊಟ್ಟಿ. ಅವರ ದ್ವೀಪದಲ್ಲೂ ಎಣ್ಣೆ ಬಾವಿಗಳುಂಟಂತೆ, ಅದೇ ಕೆಲಸ ಅವನನ್ನು ಇಲ್ಲಿಗೆ ತಂದಿತ್ತು. ಊರಿನವರು ನನಗೆ ಬಿಸಿಲಿನ ಬಗ್ಗೆ, ಊಟದ ಬಗ್ಗೆ ಎಚ್ಚರಿಕೆ ಹೇಳಿ ಕಳಿಸಿದ್ದರು. ಇಂಥ ಮನುಷ್ಯ ಸಿಗುತ್ತಾನೆಂದು ಯಾರೂ ಹೇಳಿರಲಿಲ್ಲ. ಕೆಲವು ತಲೆಮಾರು ಕಳೆದರೆ ನಮ್ಮ ಮಕ್ಕಳೂ ಹೀಗೇ ಆಗುತ್ತಾರೋ ಏನೋ ಎಂಬ ಭಯ ಮಾತ್ರ ಆವತ್ತೇ ಹುಟ್ಟಿತು.

ನಾನು ಉಡುಪಿ ಬಳಿಯ ಶಿರ್ವದವನು. ಮನೆಮಾತು ಕೊಂಕಣಿ. ಊರಲ್ಲಿ ಮದುವೆ, ಹಬ್ಬ, ಮೆರವಣಿಗೆಗಳಿಗೆ ಹೋಗುವ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಬಂಟಕಲ್ಲಿನ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಮುಂದಿನ ಎರಡು ಹಲ್ಲು ಹೋದವು. ಮುಂದಿನ ಹಲ್ಲಿಲ್ಲದ ಟ್ರಂಪೆಟಿನವನು ಬಾಲವಿಲ್ಲದ ಗಾಳಿಪಟ. ಹಲ್ಲು ಕಟ್ಟಿಸಿಕೊಂಡರೂ ತುಟಿ ಮೊದಲಿನ ಹಾಗೆ ನಿಲ್ಲಲಿಲ್ಲ. ಅದೇ ಬೇಸರದಲ್ಲಿ ಸ್ಟೋರ್‌ಕೀಪರ್ ವೀಸಾ ಸಿಕ್ಕಿದ್ದೇ ಗಲ್ಫಿಗೆ ಬಂದವನು ನಾನು. ಸಂಗೀತ ಮುಗಿಯಿತು ಎಂದುಕೊಂಡು ಬಂದವನ ಕೈಗೆ ರಾಮ್‌ದೀನ್ ಆ ಕೋಲುಗಳನ್ನು ಕೊಟ್ಟ.

ಆ ವಾದ್ಯವನ್ನು ಅವರು ಪ್ಯಾನ್ ಅನ್ನುತ್ತಾರೆ. ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಾಣಲೆಯ ಹಾಗೆ ತಗ್ಗು ಮಾಡುತ್ತಾರೆ. ಆ ತಗ್ಗಿನೊಳಗೆ ಅಂಗೈ ಅಗಲದಿಂದ ಹಿಡಿದು ಕೋಳಿಮೊಟ್ಟೆಯಷ್ಟರವರೆಗೆ ಉಬ್ಬುಗಳು, ಒಂದೊಂದು ಉಬ್ಬಿಗೆ ಒಂದೊಂದು ಸ್ವರ. ಹಾರ್ಮೋನಿಯಂನಲ್ಲಿ ಸ್ವರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಇಲ್ಲಿ ಅವು ಸಂತೆಗೆ ಬಂದವರ ಹಾಗೆ ಸುತ್ತಲೂ ಚದುರಿ ಕೂತಿರುತ್ತವೆ. ಯಾವ ಸ್ವರ ಎಲ್ಲಿ ಎಂದು ಕೈ ಕಲಿಯುವವರೆಗೆ ಬಿಡುವಿಲ್ಲ. ನಾನು ಊಟದ ಬಿಡುವುಗಳಲ್ಲಿ, ರಜೆಯ ದಿನಗಳಲ್ಲಿ, ಕ್ಯಾಂಪಿನ ಹುಡುಗರ ಬೈಗುಳದ ನಡುವೆ ಕಲಿತೆ. ಕೆಲಸ ಮುಗಿಸಿ ಊರಿಗೆ ಹೊರಟಾಗ ರಾಮ್‌ದೀನ್ ಆ ಪ್ಯಾನನ್ನು ನನಗೇ ಬಿಟ್ಟುಹೋದ. "ಇದು ನನ್ನ ಚಿಕ್ಕಪ್ಪ ಪ್ಯಾನ್ ಮಾಡುತ್ತಿದ್ದ ಅಂಗಳದ್ದು. ಅಲ್ಲಿಯ ಸ್ವರಗಳು ಕೂರುವುದು ಹೀಗೆ" ಎಂದಿದ್ದ. ಆ ಮಾತಿನ ಅರ್ಥ ಆವತ್ತು ನನಗೆ ತಿಳಿಯಲಿಲ್ಲ. ಎಲ್ಲ ಪ್ಯಾನ್‌ಗಳೂ ಹಾಗೆಯೇ ಎಂದು ನಂಬಿದ್ದೆ.

ವರ್ಕ್‌ಶಾಪ್ ಮುಚ್ಚಿತು. ದುಬೈಯ ಕಡಲತೀರದ ಒಂದು ಹೊಟೇಲಿನವರು ತಮ್ಮ ತೆರೆದ ರೆಸ್ಟೋರೆಂಟಿಗೆ ಪ್ಯಾನ್ ನುಡಿಸುವವನನ್ನು ಹುಡುಕುತ್ತಿದ್ದರು. ಮೀನಿನ ತಟ್ಟೆಯ ಮುಂದೆ ಕೂತ ಪ್ರವಾಸಿಗಳಿಗೆ ದ್ವೀಪದಲ್ಲಿ ಇದ್ದ ಹಾಗೆ ಅನಿಸಬೇಕಂತೆ. ಹೂವಿನ ಅಂಗಿ ಹಾಕಿಸಿ, ಹುಲ್ಲಿನ ಟೋಪಿ ಇಡಿಸಿ, ಶಿರ್ವದವನನ್ನು ಟ್ರಿನಿಡಾಡಿನವನನ್ನಾಗಿ ಮಾಡಿ ನಿಲ್ಲಿಸಿದರು. ನಾಚಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಆ ಅಂಗಿಯಿಂದಲೇ ಫ್ಯಾಮಿಲಿ ವೀಸಾ ಬಂತು. ಹೆಂಡತಿ ಗ್ರೇಸಿ, ಮಗಳು ಮೆಲಿಶಾ ಬಂದರು. ಅಲ್ ಕುಸೈಸಿನಲ್ಲಿ ಇನ್ನೊಂದು ಕುಟುಂಬದ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ನಮ್ಮದೊಂದು ಕೋಣೆ, ಅಡುಗೆಮನೆ ಇಬ್ಬರಿಗೂ ಸೇರಿ.

ಊರಲ್ಲಿ ನಾನು ಒಂದು ಸಂಜೆ ಟ್ರಂಪೆಟ್ ಊದದಿದ್ದರೆ ಪಕ್ಕದ ಮನೆಯ ಬಾಯಮ್ಮ ಬೇಲಿಯ ಹತ್ತಿರ ಬಂದು, ಜ್ವರವೋ ಎಂದು ವಿಚಾರಿಸುತ್ತಿದ್ದರು. ಇಲ್ಲಿ ಪ್ಯಾನಿಗೆ ಕೋಲು ತಾಗಿಸಿದರೆ ಸಾಕು, ಗೋಡೆಯ ಆಚೆಯಿಂದ ಮುಷ್ಟಿ ಬಡಿಯುತ್ತದೆ. ಆ ಮುಷ್ಟಿಯವರ ಮುಖ ನಾನು ಇವತ್ತಿನವರೆಗೆ ನೋಡಿಲ್ಲ. ಮನೆಯಲ್ಲಿ ಅಭ್ಯಾಸ ನಿಂತಿತು. ಕೋಣೆಯಲ್ಲಿ ಜಾಗವಿಲ್ಲದ್ದರಿಂದ ಪ್ಯಾನು ಕಪ್ಪು ಚೀಲ ಹೊದ್ದು ಹೊರಗೆ ಕಾರಿಡಾರಿನ ಮೂಲೆಯಲ್ಲಿ ಕೂತಿತು.

ಹೋದ ಬೇಸಿಗೆಯಲ್ಲಿ ಹೊಟೇಲಿನವರು ತೀರದ ರೆಸ್ಟೋರೆಂಟನ್ನು ದುರಸ್ತಿಗೆಂದು ಮುಚ್ಚಿದರು. ಅದು ತೆರೆಯುವಾಗ ನನ್ನ ಕಾಂಟ್ರ್ಯಾಕ್ಟ್ ಹೊಸದಾಗಬೇಕಿತ್ತು. ಆ ನಡುವೆ ಒಂದು ದಿನ ತರಕಾರಿ ತೆಗೆದುಕೊಂಡು ಬಂದು ನೋಡುತ್ತೇನೆ, ಕಾರಿಡಾರಿನ ಮೂಲೆ ಗುಡಿಸಿ ಒರೆಸಿದಷ್ಟು ಖಾಲಿ. ಕೆಳಗೆ ಓಡಿ ನಾತೂರನನ್ನು ಹಿಡಿದೆ. ಕಟ್ಟಡ ಕಾಯುವವನನ್ನು ಇಲ್ಲಿ ನಾತೂರ್ ಅನ್ನುತ್ತಾರೆ. ಪೇಶಾವರದ ಮುದುಕ, ಒಳ್ಳೆಯವನೇ.

"ವೋ ಡ್ರಮ್? ಖಲಾಸ್, ಭಾಯಿ" ಎಂದ. ಮುಗಿದುಹೋಯಿತು ಎಂದು ಅರ್ಥ. ಬೆಂಕಿ ಸುರಕ್ಷೆಯ ತಪಾಸಣೆ ಇತ್ತಂತೆ, ಕಾರಿಡಾರಿನಲ್ಲಿ ಇದ್ದದ್ದನ್ನೆಲ್ಲ ತೆಗೆಸಿದರಂತೆ. ಒಡೆದ ಕುರ್ಚಿ, ತುಕ್ಕು ಹಿಡಿದ ಸೈಕಲ್, ಎಣ್ಣೆ ಡ್ರಮ್ಮು, ಎಲ್ಲ ಒಂದೇ ಲಾರಿಗೆ. ಅವನ ಮೇಲೆ ಕೂಗಾಡುವುದು ಹೇಗೆ? ಅವನು ಹೇಳಿದ್ದು ಸುಳ್ಳಲ್ಲ, ಅದು ಡ್ರಮ್ಮೇ. ಗುಜರಿಯವರ ಜಾಗಕ್ಕೆಲ್ಲ ಹೋಗಿ ಬಂದೆ. ಮಾಫಿ, ಮಾಫಿ, ಇಲ್ಲ, ಇಲ್ಲ ಎನ್ನುವ ಮಾತನ್ನು ಅಷ್ಟು ಸಲ ನಾನು ಯಾವತ್ತೂ ಕೇಳಿರಲಿಲ್ಲ.

ಹೊಟೇಲಿನ ಮ್ಯಾನೇಜರ್ ಆಗತಾನೇ ಬಂದ ಲೆಬನಾನಿನವನು. ಅವನಿಗೆ ಹೇಳಿದಾಗ ಒಂದಿಷ್ಟೂ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಹೊಸ ವಸತಿ ಗೋಪುರ ಎದ್ದು, ಸದ್ದಿನ ದೂರುಗಳು ಬರುತ್ತಿದ್ದುದರಿಂದ ಅವನೇ ಒಂದು ಎಲೆಕ್ಟ್ರಾನಿಕ್ ಪ್ಯಾನ್ ತರಿಸಿದ್ದನಂತೆ. ಸದ್ದು ಎಷ್ಟು ಬೇಕೋ ಅಷ್ಟೇ. ಬಿಸಿಲಿಗೆ ಶ್ರುತಿ ಹೋಗುವುದಿಲ್ಲ. ಶ್ರುತಿ ಮಾಡುವವನನ್ನು ಸಮುದ್ರ ದಾಟಿಸಿ ಕರೆಸಬೇಕಾಗಿಯೂ ಇಲ್ಲ. "ಸೋಮವಾರ ಸಂಜೆ ಬಂದು ನುಡಿಸಿ ತೋರಿಸು. ಸರಿಯಾದರೆ ಕಾಂಟ್ರ್ಯಾಕ್ಟ್. ಇಲ್ಲದಿದ್ದರೆ ರೆಕಾರ್ಡ್ ಹಾಕುತ್ತೇವೆ" ಎಂದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಸೌಂಡ್ ನೋಡಿಕೊಳ್ಳುವ ಫಿಲಿಪೀನ್ಸಿನ ಜೋಜೋ ಯಂತ್ರವನ್ನು ಸ್ಟ್ಯಾಂಡಿಗೆ ಏರಿಸಿಕೊಟ್ಟ. ಆಳವಿಲ್ಲದ ಕಪ್ಪು ಬೋಗುಣಿ, ಒಳಗೆ ಉಬ್ಬುಗಳ ಜಾಗದಲ್ಲಿ ರಬ್ಬರಿನ ತುಂಡುಗಳು. ಕೋಲು ಎತ್ತಿ ದೋ, ಅಂದರೆ ಬ್ಯಾಂಡಿನವರ ಷಡ್ಜ, ಇರುವಲ್ಲಿ ತಟ್ಟಿದೆ. ಫಾ ಬಂತು. ಮಿ ಎಂದು ತಟ್ಟಿದರೆ ಎಲ್ಲಿಯದೋ ಅರೆಸ್ವರ. ಸ್ವಂತ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಬೇರೆಯವರ ಅಡುಗೆಮನೆ. ಆಮೇಲೆ ತಿಳಿಯಿತು: ಹಿಂದೆ ಆ ದ್ವೀಪದಲ್ಲಿ ಒಬ್ಬೊಬ್ಬ ಪ್ಯಾನ್ ಮಾಡುವವನೂ ಸ್ವರಗಳನ್ನು ತನಗೆ ತೋಚಿದಂತೆ ಕೂರಿಸುತ್ತಿದ್ದನಂತೆ. ಈಗ ಹೆಚ್ಚಿನವರು ಒಂದೇ ಕ್ರಮಕ್ಕೆ ಒಪ್ಪಿದ್ದಾರೆ. ನಾನು ಕಲಿತದ್ದು ರಾಮ್‌ದೀನನ ಚಿಕ್ಕಪ್ಪನ ಕ್ರಮ, ಜಗತ್ತು ಬಿಟ್ಟುಬಿಟ್ಟ ಕ್ರಮ. ಇದನ್ನು ಮ್ಯಾನೇಜರಿಗೆ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದಾಗುತ್ತಿತ್ತು.

ಜೋಜೋ ಮಾತ್ರ ನಕ್ಕ. "ಬ್ರದರ್, ಇದು ಕಬ್ಬಿಣ ಅಲ್ಲ. ಯಾವ ಸ್ವರವನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಯಾವುದು ಎಲ್ಲಿ ಅಂತ ಹೇಳು, ಈಗಲೇ ಮಾಡಿಕೊಡ್ತೇನೆ."

ಎಷ್ಟು ಸುಲಭ. ಹೇಳಲು ಬಾಯಿ ತೆರೆದೆ, ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ನುಡಿಸಿದ ವಾದ್ಯ, ಯಾವ ಸ್ವರ ಎಲ್ಲಿ ಎಂದು ತಲೆಗೆ ಗೊತ್ತಿಲ್ಲ. ಪ್ರಾರ್ಥನೆಯ ನಡುವಿನ ಒಂದು ಮಾತು ಯಾವುದೆಂದು ಕೇಳಿದರೆ ಮೊದಲಿನಿಂದ ಹೇಳಿಕೊಂಡೇ ಬರಬೇಕಲ್ಲ, ಹಾಗೆ. ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ತಿರುವಿದೆ. ಎಲ್ಲವೂ ಎದುರಿನಿಂದ ತೆಗೆದವು: ಹಲ್ಲು ಬಿಡುವ ನಾನು, ಕೆಳಗೆ ಡ್ರಮ್ಮಿನ ಹೊರಮೈ. ಒಳಗಿನದ್ದು ಒಂದರಲ್ಲೂ ಇಲ್ಲ. ರಾಮ್‌ದೀನನ ಹಳೆಯ ನಂಬರಿಗೆ ಮೆಸೇಜ್ ಹಾಕಿದೆ. ಮರುದಿನ ಅವನ ಮಗಳು ಉತ್ತರ ಬರೆದಳು. ಅಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು, ಚಿಕ್ಕಜ್ಜನ ಅಂಗಳದಲ್ಲಿ ಈಗ ಕಾರು ತೊಳೆಯುತ್ತಾರೆ, ನೀವು ಯಾರೆಂದು ನನಗೆ ತಿಳಿಯಲಿಲ್ಲ, ಕ್ಷಮಿಸಿ.

ಮೆಟ್ರೋದಲ್ಲಿ ಮನೆಗೆ ಬರುವಾಗ ಎದುರಿನವರಿಗೆ ಕಾಣದ ಹಾಗೆ ಅತ್ತೆ. ಅವನಿಗಾಗಿ ಅತ್ತೆನೋ ನನಗಾಗಿಯೋ ಹೇಳಲಾರೆ.

ಜೋಜೋ ಯಾರಿಗೂ ಹೇಳದೆ ಶನಿವಾರ ಯಂತ್ರವನ್ನು ತನ್ನ ವ್ಯಾನಿನಲ್ಲಿ ನಮ್ಮ ಮನೆಗೆ ಮುಟ್ಟಿಸಿದ. ಮಂಚ ಗೋಡೆಗೆ ಒರಗಿಸಿ ಅದಕ್ಕೆ ಜಾಗ ಮಾಡಿದೆವು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ನನಗೆ ಬಿಟ್ಟು ಬೇರೆಯವರಿಗೆ ಸದ್ದಿಲ್ಲ. ಗೋಡೆಯ ಆಚೆಯ ಮುಷ್ಟಿಗೆ ಕೆಲಸವಿಲ್ಲ. ಇದೊಂದು ಮೊದಲೇ ಸಿಕ್ಕಿದ್ದರೆ ಎಷ್ಟೋ ವರ್ಷ ಕೈ ಕಟ್ಟಿಕೊಂಡು ಕೂರುವುದು ತಪ್ಪುತ್ತಿತ್ತು. ಆದರೆ ಆ ಶನಿವಾರ ಪೂರ್ತಿ ನಾನು ಕೇಳಿದ್ದು ತಪ್ಪು ಸ್ವರಗಳನ್ನೇ. ಕೈ ತನಗೆ ಗೊತ್ತಿದ್ದಲ್ಲಿಗೆ ಹೋಗುತ್ತದೆ, ಕಿವಿಗೆ ಬೇರೆಯದು ಬರುತ್ತದೆ, ಬಿಸಿ ತವಾ ಮುಟ್ಟಿದ ಹಾಗೆ ಕೈ ಹಿಂದೆ ಬರುತ್ತದೆ. ಸಂಜೆಯ ಹೊತ್ತಿಗೆ, ಮೊದಲು ಗೊತ್ತಿದ್ದ ಜಾಗಗಳೂ ಕೈಗೆ ಮರೆಯತೊಡಗಿದವು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಲೋಕದಲ್ಲಿ ಆ ಕ್ರಮ ಉಳಿದಿದ್ದರೆ ನನ್ನ ಎರಡು ಕೈಗಳಲ್ಲಿ, ಅದನ್ನೂ ನಾನೇ ಅಳಿಸುತ್ತಿದ್ದೆ.

ಗ್ರೇಸಿ ಬಾಗಿಲಲ್ಲಿ ನಿಂತು ಹೇಳಿದಳು, "ವೀಸಾ ಕ್ಯಾನ್ಸಲ್ ಆದ್ರೆ ಎಂತ ಮಾಡುವುದು ಮಾರಾಯ್ರೆ? ಮಗಳದ್ದು ಟೆಂತ್ ಉಂಟು. ನಡುವಲ್ಲಿ ಎತ್ತಿಕೊಂಡು ಊರಿಗೆ ಹೋದ್ರೆ ಅವಳದ್ದು ವರ್ಷ ಹೋಗ್ತದೆ."

"ನನಗೆ ಗೊತ್ತಿಲ್ವಾ ಅದು? ನಾನು ಇಲ್ಲಿ ಆಟ ಆಡ್ಲಿಕ್ಕೆ ನಿಂತದ್ದಾ?" ಎಂದು ಹಾರಿದೆ. ಅವಳು ಅಡುಗೆಮನೆಗೆ ಹೋಗಿ, ಆ ದಿನ ತೊಳೆದಾಗಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಭಾನುವಾರ ಇಗರ್ಜಿಯ ಪೂಜೆಗೂ ಹೋಗಲಿಲ್ಲ. ಮಧ್ಯಾಹ್ನ ಮೆಲಿಶಾ ಗಣಿತದ ಪುಸ್ತಕ ಮಡಚಿ ನನ್ನನ್ನೇ ನೋಡುತ್ತಾ ಕೂತಿದ್ದಳು. ಅಪ್ಪ ಹುಲ್ಲಿನ ಟೋಪಿ ಇಟ್ಟುಕೊಂಡು ಡ್ರಮ್ಮು ಬಡಿಯುವವನೆಂದು ಶಾಲೆಯಲ್ಲಿ ಒಬ್ಬರಿಗೂ ಹೇಳದ ಹುಡುಗಿ. ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಪಪ್ಪಾ, ಸೌಂಡ್ ಆಫ್ ಮಾಡಿ" ಎಂದಳು.

"ಸೌಂಡ್ ಇಲ್ಲದೆ ಎಂತ ನುಡಿಸುವುದು?"

"ದ ಸೌಂಡ್ ಈಸ್ ಕನ್‌ಫ್ಯೂಸಿಂಗ್ ಯೂ. ಆಫ್ ಮಾಡಿ. ಕಣ್ಣು ಮುಚ್ಚಿ. ನೀವು ಹಾಡಿ, ಕೈ ಎಲ್ಲಿಗೆ ಹೋಗ್ತದೆ ನಾನು ನೋಡ್ತೇನೆ."

ಹಾಗೇ ಮಾಡಿದೆವು. ಮೇರಿಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ ಮಕ್ಕಳು ಹೂ ಹಾಕುತ್ತಾ ಹಾಡುವ ಹಾಡೊಂದುಂಟಲ್ಲ, ಅದನ್ನು ಬ್ಯಾಂಡಿನವರ ಪದ್ಧತಿಯಲ್ಲಿ ದೋ ರೆ ಮಿ ಎಂದು ಸ್ವರ ಹೇಳಿಕೊಂಡು ನಿಧಾನವಾಗಿ ಹಾಡಿದೆ. ಕಣ್ಣು ಮುಚ್ಚಿ, ಮಾತಿಲ್ಲದ ಯಂತ್ರದ ಮೇಲೆ ಕೋಲು ಆಡಿಸಿದೆ. ಮೊದಮೊದಲು ಕೈ ಅನುಮಾನಿಸಿತು. ತಪ್ಪು ಸ್ವರ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗಾಡಿ ಬಿಟ್ಟ ಎತ್ತಿನ ಹಾಗೆ ತಾನೇ ದಾರಿ ಹಿಡಿಯಿತು. ನಾನು "ಸೋಲ್" ಎಂದಲ್ಲಿ ಕೋಲು ತಾಗಿದ ರಬ್ಬರಿನ ಮೇಲೆ ಅವಳು ಬಿಳಿ ಟೇಪಿನ ಚೂರು ಅಂಟಿಸಿ ಹೆಸರು ಬರೆಯುತ್ತಿದ್ದಳು. ಅಂಟಿಸುವವರೆಗೆ ನಾನು ಕೋಲು ಎತ್ತಬಾರದು ಎಂದು ಗದರಿಸುತ್ತಿದ್ದಳು. ಒಂದು ಹಾಡಾಯಿತು, ಇನ್ನೊಂದು, ಮದುವೆಯ ಮೆರವಣಿಗೆಯದ್ದು, ಹೊಟೇಲಿನ ಪ್ರವಾಸಿಗಳಿಗೆ ನುಡಿಸುತ್ತಿದ್ದದ್ದು. ಕತ್ತಲಾಗುವ ಮೊದಲು ಕಪ್ಪು ಬೋಗುಣಿಯ ತುಂಬ ಬಿಳಿ ಚೂರುಗಳು. ಅಂಚಿನ ಎರಡು ಮಾತ್ರ ಖಾಲಿ. ನನಗೆ ಬರುವ ಯಾವ ಹಾಡಿಗೂ ಅವು ಬೇಕಾಗಿರಲಿಲ್ಲ. ಉಳಿದ ಎರಡು ಸ್ವರಗಳನ್ನು ಅಂದಾಜಿನ ಮೇಲೆ ಅಲ್ಲಿ ಕೂರಿಸಿದೆವು. ಅವು ಅದಲುಬದಲಾಗಿವೆಯೋ ಏನೋ, ಹೇಳುವವರು ಈಗ ಯಾರೂ ಇಲ್ಲ.

ಜೋಜೋಗೆ ಫೋನ್ ಮಾಡಿ, ಅವನು ಹೇಳಿದ ಹಾಗೆ ಮೆಲಿಶಾ ಒಂದೊಂದನ್ನೇ ಯಂತ್ರಕ್ಕೆ ಉಣಿಸಿದಳು. ಸದ್ದು ತೆರೆದು ತಟ್ಟಿದೆ. ದೋ ಇರುವಲ್ಲಿ ದೋ ಬಂತು. ರಾಮ್‌ದೀನನ ಚಿಕ್ಕಪ್ಪನ ಅಂಗಳ ಅಲ್ ಕುಸೈಸಿನ ಕೋಣೆಯೊಳಗೆ ಬಂದು ಕೂತಿತು. ಗ್ರೇಸಿಗೆ ಕೇಳುತ್ತಿದ್ದದ್ದು ರಬ್ಬರಿನ ಟುಕುಟುಕು ಮಾತ್ರ. "ಬಸಳೆ ಹೆಚ್ಚಿದ ಹಾಗೆ ಉಂಟು ನಿಮ್ಮ ಸಂಗೀತ" ಎಂದಳು. ಹೆಡ್‌ಫೋನ್ ತೆಗೆದು ಅವಳ ತಲೆಗೆ ಹಾಕಿ ಮತ್ತೆ ನುಡಿಸತೊಡಗಿದೆ. ಮೆಲಿಶಾ ಸುಮ್ಮನೆ ಒಂದು ಗುಂಡಿ ತಿರುಗಿಸಿದಳು. ಗ್ರೇಸಿಯ ಮುಖ ಬದಲಾಯಿತು. ಹೆಡ್‌ಫೋನಿನ ಒಂದು ಕಿವಿ ನನಗೆ ಹಿಡಿದಳು. ಟ್ರಂಪೆಟ್. ನಾನು ಪ್ಯಾನ್ ನುಡಿಸುತ್ತಿದ್ದೆ, ಬರುತ್ತಿದ್ದುದು ಟ್ರಂಪೆಟ್.

"ಇದು ನಿಮ್ಮದೇ ಸ್ವರ. ಹಲ್ಲು ಹೋಗುವ ಮೊದಲಿನದ್ದು" ಎಂದಳು ಗ್ರೇಸಿ. ನಾನು ಕೋಲುಗಳನ್ನು ಕೆಳಗಿಟ್ಟೆ.

ಸೋಮವಾರ ಮ್ಯಾನೇಜರ್ ಅರ್ಧ ಹಾಡು ಕೇಳಿದ, ಉಳಿದರ್ಧ ಫೋನಿನಲ್ಲಿದ್ದ. ಜೋಜೋ ನಾನು ನುಡಿಸಿದ ಒಂದು ಸಾಲನ್ನು ಯಂತ್ರದಲ್ಲೇ ಹಿಡಿದಿಟ್ಟು ಮಂದ್ರದ ದೊಡ್ಡ ಪ್ಯಾನಿನ ದನಿಗೆ ಹಾಕಿ, ಅದನ್ನೇ ಸುತ್ತಿ ಬರುವ ಹಾಗೆ ಬಿಟ್ಟು, ಅದರ ಮೇಲೆ ನನ್ನನ್ನು ನುಡಿಸಲು ಹೇಳಿದ. ಒಬ್ಬನೇ ನಿಂತು ಒಂದು ತಂಡದಷ್ಟು ನುಡಿಸಿದೆ, ಪಕ್ಕದ ಗೋಪುರದ ಮಗು ಏಳದಷ್ಟು ಮೆಲ್ಲಗೆ. ಮ್ಯಾನೇಜರ್ ಹೆಬ್ಬೆರಳು ಎತ್ತಿ ಎದ್ದುಹೋದ. ವೀಸಾ ಉಳಿಯಿತು. ಮೆಲಿಶಾ ಪರೀಕ್ಷೆ ಬರೆದು ಪಾಸಾದಳು.

ಗೆದ್ದೆ ಎಂದು ಊರಿಗೆ ಬರೆಯಬೇಕು. ಆದರೆ ದಿನವೂ ಹೆದರಿಕೊಂಡೇ ಕೆಲಸಕ್ಕೆ ಹೋಗುತ್ತೇನೆ. ಯಂತ್ರ ಹೊಟೇಲಿನದ್ದು, ಅವರ ಬೀರುವಿನಲ್ಲಿ ಇರುತ್ತದೆ. ಬೇರೆ ಯಾರೋ ಒಂದು ಗುಂಡಿ ಒತ್ತಿದರೆ ಸ್ವರಗಳೆಲ್ಲ ಜಗತ್ತಿನ ಕ್ರಮಕ್ಕೆ ಹೋಗಿ ಕೂರುತ್ತವೆ. ಅಂಥದೊಂದನ್ನು ನಾನೇ ಕೊಳ್ಳುವ ಮಾತು ನನ್ನ ಸಂಬಳಕ್ಕೆ ಹೇಳಿದ್ದಲ್ಲ. ಪ್ರತಿ ಸಂಜೆ ಹೋದ ಕೂಡಲೇ ಒಂದು ದೋ ತಟ್ಟಿ ನೋಡುತ್ತೇನೆ, ಆಮೇಲೆ ಟೋಪಿ ಇಡುತ್ತೇನೆ. ಶಿರ್ವದಲ್ಲಿ ನನಗೆ ಮನೆ ಉಂಟು, ವಾದ್ಯವಿಲ್ಲ. ದುಬೈಯಲ್ಲಿ ವಾದ್ಯ ಉಂಟು, ಅದೂ ನನ್ನದಲ್ಲ, ಮನೆಯೂ ನನ್ನದಲ್ಲ. ರಾಮ್‌ದೀನನ ದ್ವೀಪಕ್ಕೆ ಹೋದರೂ ಅಲ್ಲಿಯ ಪ್ಯಾನ್‌ಗಳಿಗೆ ನನ್ನ ಕೈಯ ಗುರುತು ಹತ್ತುವುದಿಲ್ಲ.

ಈ ಸಲ ರಜೆಗೆ ಊರಿಗೆ ಬಂದಾಗ ಅಣ್ಣನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ದುಬೈಯಲ್ಲಿ ನೀನು ನುಡಿಸುವುದು ಎಂಥದ್ದು, ಒಮ್ಮೆ ತೋರಿಸು ಎಂದರು. ತೋರಿಸಲು ನನ್ನಲ್ಲಿ ಏನಿದೆ? ಎಲ್ಲರೂ ಒತ್ತಾಯ ಮಾಡಿದ ಮೇಲೆ ಎರಡು ಸೌಟು ತೆಗೆದುಕೊಂಡು ಊಟದ ಮೇಜಿನ ಮೇಲೆ ಹೂವಿನ ಹಾಡು ತಟ್ಟಿದೆ. ಟುಕು ಟುಕು. ಒಬ್ಬಿಬ್ಬರು ನಕ್ಕರು. ಆಗ ಮೆಲಿಶಾ ಫೋನು ಕೆಳಗಿಟ್ಟು ನನ್ನ ಬಳಿ ಬಂದು ನಿಂತಳು. ನನ್ನ ಕೈಗಳನ್ನೇ ನೋಡುತ್ತಾ ಸೌಟು ಬಿದ್ದ ಜಾಗದ ಸ್ವರವನ್ನು ಮೆಲ್ಲಗೆ ಹಾಡತೊಡಗಿದಳು. ನಾನು ಹಾಡಿನ ದಾರಿ ಬಿಟ್ಟು ಬೇರೆಡೆ ತಟ್ಟಿದರೂ ಅವಳು ತಪ್ಪಲಿಲ್ಲ.

ಅಣ್ಣ ಕೇಳಿದ, "ಬರೀ ಮೇಜಲ್ವಾ? ಅವಳಿಗೆ ಹೇಗೆ ಗೊತ್ತಾಗ್ತದೆ?"

ಅವಳೇ ಹೇಳಿದಳು, ಇಂಗ್ಲಿಷಿನಲ್ಲಲ್ಲ, ಹರಕು ಕೊಂಕಣಿಯಲ್ಲಿ: ಎಲ್ಲಿ ಏನಿದೆ ಅಂತ ನನಗೆ ಗೊತ್ತುಂಟು. ಇನ್ನೆರಡು ವರ್ಷಕ್ಕೆ ಅವಳು ಕೆನಡಾಕ್ಕೆ ಓದಲು ಹೋಗುವ ಮಾತು ನಡೆಯುತ್ತಿದೆ. ನಾನು ತಲೆ ಎತ್ತಲಿಲ್ಲ. ಹಾಡು ಮುಗಿದಿತ್ತು, ಆದರೂ ಅವಳು ನಿಂತಿರುವಷ್ಟು ಹೊತ್ತು ತಟ್ಟುತ್ತಲೇ ಇದ್ದೆ.